ಸೂತ್ರ ಒಂದೇ, ಹರಳು ಬೇರೆ

1998ರಲ್ಲಿ ರಿಟೊನಾವಿರ್ ಎಂಬ ಎಚ್‌ಐವಿ ಔಷಧದ ಕ್ಯಾಪ್ಸೂಲ್‌ಗಳು ಗುಣಮಟ್ಟದ ಪರೀಕ್ಷೆಯಲ್ಲಿ ಫೇಲ್ ಆಗತೊಡಗಿದವು. ಔಷಧ ಸರಿಯಾಗಿ ಕರಗುತ್ತಿರಲಿಲ್ಲ. ಕಲಬೆರಕೆ ಇರಲಿಲ್ಲ, ಅಣುವೂ ಅದೇ. ಹರಳಿನೊಳಗೆ ಆ ಅಣುಗಳು ಜೋಡಿಸಿಕೊಂಡ ರೀತಿ ಮಾತ್ರ ಬದಲಾಗಿತ್ತು. 1996ರಿಂದ ಮಾರಾಟದಲ್ಲಿದ್ದ ಔಷಧಕ್ಕೆ ಅಲ್ಲಿಯವರೆಗೆ ಯಾರೂ ಕಾಣದ ಎರಡನೇ ರೂಪ ಹುಟ್ಟಿಕೊಂಡಿತ್ತು. ಅದು ಮೊದಲನೆಯದಕ್ಕಿಂತ ಜಾಸ್ತಿ ಸ್ಥಿರ, ಹಾಗಾಗಿ ಕರಗುವುದು ಕಡಿಮೆ. ಅಬಾಟ್ ಕಂಪನಿ ಆ ಕ್ಯಾಪ್ಸೂಲ್‌ಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಿತು. ಜನರ ಜೀವ ನಿಂತಿದ್ದ ಔಷಧ ಅದು, ಅಲ್ವಾ?

ಇಂಥದ್ದು ನಡೆಯಬಹುದು ಎಂದು ರಸಾಯನಶಾಸ್ತ್ರಕ್ಕೆ ಬಹಳ ಹಿಂದೆಯೇ ಗೊತ್ತಿತ್ತು. 1820ರ ದಶಕದಲ್ಲಿ ಜರ್ಮನಿಯ ಮಿಚರ್ಲಿಕ್, ಗಂಧಕ ಎರಡು ಬಗೆಯ ಹರಳು ಕಟ್ಟುತ್ತದೆ ಎಂದು ತೋರಿಸಿದರು. 1832ರಲ್ಲಿ ರಸಾಯನಶಾಸ್ತ್ರಜ್ಞರಾದ ವ್ಯೋಲರ್ ಮತ್ತು ಲೀಬಿಗ್, ಬೆಂಜಮೈಡ್ ಎಂಬ ಇಂಗಾಲದ ಸಂಯುಕ್ತದ ಬಿಸಿ ದ್ರಾವಣವನ್ನು ತಣಿಸಿದಾಗ ರೇಷ್ಮೆಯಂಥ ತೆಳು ಸೂಜಿಗಳು ಮೂಡಿದವು. ಅವನ್ನು ಹಾಗೇ ಬಿಟ್ಟರೆ ನಿಧಾನವಾಗಿ ಕರಗಿ, ಅದೇ ಪಾತ್ರೆಯಲ್ಲಿ ದಪ್ಪ ಹರಳುಗಳು ಬೆಳೆಯುತ್ತಿದ್ದವು. ಏನಾಯಿತು ಎಂದು ಅವರು ಚೆನ್ನಾಗಿ ಬರೆದಿಟ್ಟರು. ಯಾಕೆ ಎಂದು ಹೇಳುವ ಸಾಧನ ಆಗ ಇರಲಿಲ್ಲ.

ಲೆಕ್ಕ ಸಿಕ್ಕಿದ್ದು ಅಮೆರಿಕದ ಗಿಬ್ಸ್ ಅವರಿಂದ. 1876ರಿಂದ 1878ರ ನಡುವೆ ಪ್ರಕಟವಾದ ಅವರ ಫೇಸ್ ನಿಯಮದಲ್ಲಿ ಇರುವುದು ಮೂರೇ ಅಕ್ಷರ, ಒಂದು ಅಂಕಿ: F = C − P + 2. C ಎಂದರೆ ಘಟಕಗಳು, ಅಂದರೆ ಎಷ್ಟು ಬೇರೆ ಬೇರೆ ವಸ್ತುಗಳಿವೆ ಎನ್ನುವುದು, P ಎಂದರೆ ಒಟ್ಟಿಗೆ ಇರುವ ಫೇಸ್‌ಗಳು (ಘನ, ದ್ರವ, ಆವಿಯಂಥ ಸ್ಥಿತಿಗಳು; ಒಂದೊಂದು ಬಗೆಯ ಹರಳೂ ಒಂದೊಂದು ಫೇಸ್), F ಎಂದರೆ ತಾಪಮಾನ, ಒತ್ತಡದಂಥವುಗಳಲ್ಲಿ ಎಷ್ಟನ್ನು ನಾವು ಬೇಕಾದಂತೆ ಬದಲಿಸಬಹುದು ಎನ್ನುವುದು. ಬರೀ ನೀರು ತೆಗೆದುಕೊಳ್ಳಿ. ಮಂಜುಗಡ್ಡೆ, ನೀರು, ಆವಿ ಮೂರೂ ಒಟ್ಟಿಗಿದ್ದರೆ F ಸೊನ್ನೆ, ಅಂದರೆ 0.01 ಡಿಗ್ರಿ ಸೆಲ್ಸಿಯಸ್, ಸುಮಾರು 611 ಪಾಸ್ಕಲ್, ಅಷ್ಟೇ, ಬೇರೆ ಆಯ್ಕೆಯೇ ಇಲ್ಲ. ನೆದರ್ಲೆಂಡ್ಸ್‌ನ ರೋಜೆಬೂಮ್ ಈ ನಿಯಮವನ್ನು ಲವಣಗಳಿಂದ ಹಿಡಿದು ಕಬ್ಬಿಣ–ಇಂಗಾಲದವರೆಗೆ ಬಳಸಿ ತೋರಿಸಿದರು.

ನನಗೆ ಬಹಳ ಮುಖ್ಯ ಅನ್ನಿಸುವುದು ಈ ನಿಯಮ ಹೇಳದೇ ಬಿಡುವ ಮಾತು. ಸಮತೋಲನದಲ್ಲಿ ಎಷ್ಟು ಫೇಸ್‌ಗಳು ಇರಬಹುದು ಎಂದು ಅದು ಹೇಳುತ್ತದೆ, ಅಲ್ಲಿಗೆ ತಲುಪಲು ಎಷ್ಟು ಹೊತ್ತು ಬೇಕು ಎಂದು ಹೇಳುವುದಿಲ್ಲ. ಸಾಮಾನ್ಯ ತಾಪಮಾನ, ಒತ್ತಡದಲ್ಲಿ ವಜ್ರಕ್ಕಿಂತ ಗ್ರ್ಯಾಫೈಟ್ ಹೆಚ್ಚು ಸ್ಥಿರ, ಆದರೂ ವಜ್ರ ವಜ್ರವಾಗಿಯೇ ಉಳಿಯುತ್ತದೆ. 1897ರಲ್ಲಿ ರಸಾಯನಶಾಸ್ತ್ರಜ್ಞ ಒಸ್ಟ್‌ವಾಲ್ಡ್ ಇನ್ನೊಂದು ವಿಷಯ ಗುರುತಿಸಿದರು. ಹರಳು ಕಟ್ಟುವಾಗ ಎಲ್ಲಕ್ಕಿಂತ ಸ್ಥಿರವಾದ ರೂಪವೇ ಮೊದಲು ಬರಬೇಕೆಂದಿಲ್ಲ, ಎಷ್ಟೋ ಸಲ ಕಡಿಮೆ ಸ್ಥಿರವಾದದ್ದೇ ಮೊದಲು ಕಾಣಿಸಿಕೊಳ್ಳುತ್ತದೆ. ಮೊದಲು ಸಿಕ್ಕ ಹರಳನ್ನೇ ಕೊನೆಯದು ಎಂದು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ರಿಟೊನಾವಿರ್‌ಗಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಒಳಗಿನ ಜೋಡಣೆ ಕಣ್ಣಿಗೆ ಬಿದ್ದದ್ದು ಎಕ್ಸ್‌ರೇಯಿಂದ. 1912ರಲ್ಲಿ ಜರ್ಮನಿಯ ಭೌತವಿಜ್ಞಾನಿ ಲಾವೆ ಮತ್ತು ಸಂಗಡಿಗರು ಹರಳಿನ ಮೂಲಕ ಎಕ್ಸ್‌ರೇ ಹಾಯಿಸಿ ಚುಕ್ಕೆಗಳ ವಿನ್ಯಾಸ ಪಡೆದರು. ಮರುವರ್ಷವೇ ಬ್ರ್ಯಾಗ್ ತಂದೆ–ಮಗ ವಜ್ರದ ರಚನೆ ಬಿಡಿಸಿದರು. ದೊಡ್ಡ ಹರಳು ಸಿಗದಿದ್ದಾಗ ಪುಡಿಯಿಂದಲೇ ರಚನೆಯನ್ನು ಖಚಿತಪಡಿಸಿಕೊಳ್ಳಲು 1969ರಲ್ಲಿ ರೀಟ್‌ವೆಲ್ಡ್ ಪ್ರಕಟಿಸಿದ ವಿಧಾನ ದಾರಿ ಮಾಡಿತು. ವ್ಯೋಲರ್, ಲೀಬಿಗ್ ಕಂಡ ಆ ಸೂಜಿಗಳ ರಚನೆ ಗೊತ್ತಾಗಲು ಮಾತ್ರ 170 ವರ್ಷಕ್ಕೂ ಜಾಸ್ತಿ ಬೇಕಾಯಿತು!

ಈಗ ಔಷಧ ಕಂಪನಿಗಳು ದ್ರಾವಕ ಬದಲಿಸಿ, ಬಿಸಿ ಮಾಡಿ, ತಣಿಸಿ, ಅರೆದು, ಹೊಸ ರೂಪ ಬರುತ್ತದಾ ಎಂದು ಮೊದಲೇ ಹುಡುಕುತ್ತವೆ. ಅಣುವಿನ ಚಿತ್ರ ಮಾತ್ರ ಕೊಟ್ಟು ಅದರ ಹರಳಿನ ರಚನೆಯನ್ನು ಕಂಪ್ಯೂಟರ್‌ನಿಂದ ಊಹಿಸುವ ಪಂದ್ಯಗಳೂ 1999ರಿಂದ ನಡೆಯುತ್ತಿವೆ. ಇಷ್ಟೆಲ್ಲಾ ಆದ ಮೇಲೂ ಬಿಸಿ ಮಾಡಿ ದ್ರವವಾಗಿಸಿದ ರಿಟೊನಾವಿರ್‌ನಿಂದ ಮೂರನೇ ರೂಪವೊಂದು ಹರಳುಗಟ್ಟಿದ್ದು 2022ರಲ್ಲಿ ವರದಿಯಾಯಿತು.