ಮರಡಿಹಳ್ಳಿಯ ದಿಂಬುಗಳು ಡೈನೋಸಾರ್ ಮೊಟ್ಟೆಯಲ್ಲ

ದಾವಣಗೆರೆಯಿಂದ ಮಾರಿಕಣಿವೆಗೆ ಹೊರಟಿದ್ದೆವು. ಚಿತ್ರದುರ್ಗ ದಾಟಿ, ಐಮಂಗಲದ ಹತ್ತಿರ ಒಳಗೆ ತಿರುಗಿ ಮರಡಿಹಳ್ಳಿಯ ಗುಡ್ಡ ಹತ್ತಿದೆವು. ಜಾಲಿಮುಳ್ಳು, ಒಣಹುಲ್ಲು, ನೆತ್ತಿ ಸುಡುವ ಬಿಸಿಲು. ಬಂಡೆಯ ತುಂಬ ಉಬ್ಬುಬ್ಬಾಗಿ, ಒಂದನ್ನೊಂದು ಒತ್ತಿಕೊಂಡು ಕೂತ ಕಲ್ಲುಗಳು. ಗೆಳೆಯ ಫೋನ್ ಮುಂದೆ ಹಿಡಿದ: "ನೋಡೋ, ಗ್ರೂಪಲ್ಲಿ ಬಂದಿದೆ. ಇವು ಡೈನೋಸಾರ್ ಮೊಟ್ಟೆಯಂತೆ!"

ಅಯ್ಯೋ ಮಾರಾಯ. ಡೈನೋಸಾರ್ ಹುಟ್ಟಿದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಈ ಕಲ್ಲಿಗೆ ಸುಮಾರು 250 ಕೋಟಿ ವರ್ಷ. ಮುತ್ತಜ್ಜನ ಮದುವೆಯಲ್ಲಿ ಮರಿಮಗ ಊಟ ಬಡಿಸಿದ ಅಂದ ಹಾಗಾಯ್ತು.

ಇದು ದಿಂಬು ಲಾವಾ, ಅಂದರೆ ನೆಲದೊಳಗಿಂದ ಉಕ್ಕಿದ ಕರಗಿದ ಕಲ್ಲು ದಿಂಬಿನ ಹಾಗೆ ಉಬ್ಬಿ ಗಟ್ಟಿಯಾದದ್ದು. ನೀರಿನೊಳಗೆ ಉಕ್ಕಿದ ಲಾವಾ ಮಾತ್ರ ಈ ಆಕಾರಕ್ಕೆ ಬರುತ್ತದೆ. ಅಂದರೆ ನಾವು ಬೆವರು ಒರೆಸುತ್ತ ನಿಂತಿದ್ದು ಹಳೆಯ ಕಡಲಿನ ತಳದ ಮೇಲೆ!

ಹೇಗೆ ಅಂತೀರಾ? ನಮ್ಮೂರ ಮಿರ್ಚಿ ನೆನಪಿಸಿಕೊಳ್ಳಿ. ಹಿಟ್ಟು ಎಣ್ಣೆಗೆ ಬಿದ್ದ ಕೂಡಲೇ ಹೊರಗೆ ಸಿಪ್ಪೆ ಕಟ್ಟುತ್ತದೆ, ಒಳಗಿನ್ನೂ ಹಸಿ. ಲಾವಾ ಸುಮಾರು 1100 ಡಿಗ್ರಿ ಬಿಸಿ, ಸುತ್ತ ತಣ್ಣೀರು. ಮಿರ್ಚಿ ಬಿಸಿಗೆ ಗಟ್ಟಿಯಾದರೆ ಇದು ತಂಪಿಗೆ, ಅಷ್ಟೇ ವ್ಯತ್ಯಾಸ. ಹಾಲಿನ ಕೆನೆಯನ್ನೂ ನೋಡಿ. ಮೇಲೆ ಪೊರೆ, ಕೆಳಗಿಂದ ಉಕ್ಕು, ಕೊನೆಗೆ ಪೊರೆ ಹರಿದು ಹಾಲು ನುಗ್ಗುತ್ತದೆ. ಇಲ್ಲೂ ಹಾಗೇ. ಹಿಂದಿನಿಂದ ಲಾವಾ ತಳ್ಳುತ್ತದೆ, ಸಿಪ್ಪೆ ಬಿರಿಯುತ್ತದೆ, ಸೀಳಿನಿಂದ ಹೊಸ ಉಂಡೆ ಹೊರಬರುತ್ತದೆ. ಅದಕ್ಕೂ ಕ್ಷಣದಲ್ಲಿ ಸಿಪ್ಪೆ. ಇದು ಬರೀ ಊಹೆಯಲ್ಲ. 1970ರ ದಶಕದಲ್ಲಿ ಹವಾಯಿಯ ಕಡಲಲ್ಲಿ ಮುಳುಗಿದವರು ದಿಂಬು ಹುಟ್ಟುವುದನ್ನು ಕಣ್ಣಾರೆ ಕಂಡು ಚಿತ್ರೀಕರಿಸಿದ್ದಾರೆ.

ನನಗೆ ಜಾಸ್ತಿ ಖುಷಿ ಕೊಡೋದು ಇನ್ನೊಂದು. ಅಕ್ಕಿ ಮೂಟೆ ಪೇರಿಸಿದರೆ ಮೇಲಿನ ಮೂಟೆಯ ಹೊಟ್ಟೆ ಕೆಳಗಿನ ಎರಡರ ಸಂದಿಗೆ ಇಳಿಯುತ್ತದೆ, ಬೆನ್ನು ಉಬ್ಬಿರುತ್ತದೆ. ಮೆತ್ತಗಿದ್ದಾಗ ಬಿದ್ದ ದಿಂಬುಗಳೂ ಹಾಗೇ. ಬಂಡೆ ಎಷ್ಟೇ ಮಡಚಿ ಮಗುಚಿರಲಿ, ಸಂದಿಗೆ ಇಳಿದ ಆ ಬಾಲ ಎತ್ತ ಇದೆ ನೋಡಿದರೆ ಆಗ ಕೆಳಗೆ ಯಾವುದಿತ್ತು ಅಂತ ಗೊತ್ತಾಗುತ್ತದೆ.

ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಆದರೂ ಒಂದು ದಿಂಬಿನ ಅಂಚನ್ನು ಯಾರೋ ಸುತ್ತಿಗೆಯಲ್ಲಿ ಕಿತ್ತಿದ್ದರು. ಹೊಸ ಗಾಯ ಕಡುಹಸಿರಾಗಿ ಕಾಣುತ್ತಿತ್ತು. ಸುಮ್ನೆ ನೋಡಿ ಬಂದರೆ ಆಗಲ್ವಾ?

ಮಾರಿಕಣಿವೆ ತಲುಪುವಾಗ ಇಳಿಹೊತ್ತು. ವೇದಾವತಿ ಗುಡ್ಡಗಳ ನಡುವೆ ನುಸುಳುವ ಕಡೆ, ಮೈಸೂರು ಅರಸರ ಕಾಲದಲ್ಲಿ, 1907ಕ್ಕೆ ಮುಗಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲೇ. ಒಂದು ಕೆರೆ ತುಂಬೋಕೆ ಇಷ್ಟು ಕಾದ ಸೀಮೆಯಲ್ಲಿ ಕಡಲಿತ್ತು ಅಂದರೆ ನಂಬೋದು ಕಷ್ಟವೇ ಬಿಡಿ.

ಕಟ್ಟೆಯ ಮೇಲೆ ಕೂತು ಗೆಳೆಯ ಗ್ರೂಪಿಗೆ ತಿದ್ದುಪಡಿ ಹಾಕಿದ. ಎರಡು ಕೈಮುಗಿದ ಚಿತ್ರ ಬಂದವು. ಅದರ ಕೆಳಗೆ, ಬೇರೆ ಯಾರಿಂದಲೋ, ಮತ್ತದೇ ಮೊಟ್ಟೆ.