ಎಂಎಸ್ ಮತ್ತು ವ್ಯಾಯಾಮ: ಮೈ ಬಿಸಿಯಾದರೆ ಕಾಲು ಯಾಕೆ ಸೋಲುತ್ತದೆ?

ನ್ಯೂರೋ ಫಿಸಿಯೋಥೆರಪಿ ಓದುತ್ತಿರುವವರಿಗಾಗಿ ಬರೆದಿಟ್ಟ ಟಿಪ್ಪಣಿ ಇದು. ಎಂಎಸ್, ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್‌ನ ವಿಧಗಳು, ಎಂಆರ್‌ಐ, ಔಷಧಗಳು ಎಲ್ಲರಿಗೂ ಗೊತ್ತಿರುವಂಥವು, ಬಿಡುತ್ತೇನೆ. ಮಿದುಳು, ಬೆನ್ನುಹುರಿ, ಕಣ್ಣಿನ ನರ, ಈ ಮೂರು ಕಡೆ ನರತಂತುಗಳ ಮೈಲಿನ್ ಹೊದಿಕೆಯನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ಹಾಳುಮಾಡುತ್ತದೆ ಅನ್ನುವುದು ನೆನಪಿದ್ದರೆ ಸಾಕು.

ಬಹಳ ಕಾಲ ಈ ರೋಗಿಗಳಿಗೆ ‘ದಣಿಯಬೇಡಿ, ವಿಶ್ರಾಂತಿ ತಗೊಳ್ಳಿ’ ಅಂತಲೇ ಹೇಳುತ್ತಿದ್ದರು. ದಣಿದಾಗ ಲಕ್ಷಣಗಳು ಕಣ್ಣೆದುರೇ ಜಾಸ್ತಿಯಾಗುತ್ತಿದ್ದವು, ಹಾಗಾಗಿ ಆ ಸಲಹೆ ಸರಿ ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಜರ್ಮನಿಯ ನೇತ್ರತಜ್ಞ ವಿಲ್ಹೆಲ್ಮ್ ಊಟ್‌ಹಾಫ್ 1890ರಲ್ಲೇ, ದೇಹಶ್ರಮವಾದಾಗ ಎಂಎಸ್ ರೋಗಿಗಳ ದೃಷ್ಟಿ ಮಂಜಾಗುವುದನ್ನು ದಾಖಲಿಸಿದ್ದ. ಅದಕ್ಕೆ ಊಟ್‌ಹಾಫ್ ವಿದ್ಯಮಾನ ಅಂತಲೇ ಹೆಸರು. ಶ್ರಮಕ್ಕಿಂತ ಶ್ರಮದಿಂದ ಏರುವ ಮೈಬಿಸಿಯೇ ಕಾರಣ ಎಂದು ತಿಳಿದದ್ದು ಆಮೇಲೆ. 1996ರಲ್ಲಿ ಅಮೆರಿಕದ ಯೂಟಾದಲ್ಲಿ ಪೆಟಜಾನ್ ಮತ್ತು ಸಂಗಡಿಗರು 15 ವಾರ ಏರೋಬಿಕ್ ವ್ಯಾಯಾಮ ಮಾಡಿಸಿ ನೋಡಿದಾಗ ರೋಗಿಗಳ ಫಿಟ್‌ನೆಸ್ ಮತ್ತು ಬಲ ಎರಡೂ ಹೆಚ್ಚಿದವು, ಅಂಗವೈಕಲ್ಯದ ಅಂಕ ಕೆಡಲಿಲ್ಲ. ಅಲ್ಲಿಂದ ಹಳೆಯ ಸಲಹೆ ಮೆಲ್ಲಗೆ ಹಿಂದೆ ಸರಿಯಿತು.

ಬಿಸಿಯ ಗಂಟು

ತಲೆ ತಿನ್ನುವುದು ಈ ಭಾಗವೇ, ಅದಕ್ಕೇ ಬಿಡಿಸಿ ಬಿಡಿಸಿ ಬರೆಯುತ್ತೇನೆ. ಬಿಸಿ ಏರಿದರೆ ನರಸಂದೇಶ ಚುರುಕಾಗಬೇಕಲ್ಲವೇ? ಆರೋಗ್ಯವಾಗಿರುವ ನರದಲ್ಲಿ ಹಾಗೇ ಆಗುತ್ತದೆ. ನರಸಂದೇಶದ ವೇಗ ಅಳೆಯುವ ನರ್ವ್ ಕಂಡಕ್ಷನ್ ಪರೀಕ್ಷೆಗೆ ಮುಂಚೆ ತಣ್ಣಗಿರುವ ಕೈಯನ್ನು ಬೆಚ್ಚಗೆ ಮಾಡಿಕೊಳ್ಳುವುದು ಅದಕ್ಕೇ, ಇಲ್ಲದಿದ್ದರೆ ವೇಗ ಕಡಿಮೆ ಬರುತ್ತದೆ. ಹಾಗಿದ್ದ ಮೇಲೆ ಎಂಎಸ್‌ನಲ್ಲಿ ಮಾತ್ರ ಉಲ್ಟಾ ಯಾಕೆ?

ಮೈಲಿನ್ ಹೊದಿಕೆಯ ನಡುನಡುವೆ ಇರುವ ಸಣ್ಣ ತೆರಪುಗಳಿಗೆ ನೋಡ್ ಎನ್ನುತ್ತಾರೆ. ಸಂದೇಶ ಒಂದು ನೋಡ್‌ನಿಂದ ಇನ್ನೊಂದು ನೋಡ್‌ಗೆ ಜಿಗಿಯುತ್ತಾ ಹೋಗುತ್ತದೆ. ಒಂದು ನೋಡ್‌ನಲ್ಲಿ ಸೋಡಿಯಂ ಚಾನೆಲ್‌ಗಳು, ಅಂದರೆ ಸೋಡಿಯಂ ಒಳಬರುವ ಪುಟ್ಟ ಬಾಗಿಲುಗಳು, ತೆರೆದು ಸೋಡಿಯಂ ಒಳಗೆ ನುಗ್ಗಿದಾಗ ಹುಟ್ಟುವ ಕರೆಂಟ್ ಮುಂದಿನ ನೋಡ್ ಅನ್ನು ಎಬ್ಬಿಸಬೇಕು. ಎಬ್ಬಿಸಲು ಇಷ್ಟು ಚಾರ್ಜ್ ಬೇಕೇಬೇಕು ಅಂತ ಇರುತ್ತದೆ. ಆರೋಗ್ಯದ ನರ ಅದರ ಹಲವು ಪಟ್ಟು ಕಳಿಸುತ್ತದೆ. ಮೈಲಿನ್ ಹೋದ ಕಡೆ ಕರೆಂಟ್ ದಾರಿಯಲ್ಲೇ ಸೋರಿ, ಅಂತೂ ಇಂತೂ ಸಾಕಾಗುವಷ್ಟು ಮಾತ್ರ ತಲುಪುತ್ತದೆ.

ಈಗ ಬಿಸಿ ಸೇರಿಸಿ. ಚಾನೆಲ್‌ಗಳು ಬೇಗ ತೆರೆಯುತ್ತವೆ, ನಿಜ. ಆದರೆ ಅದಕ್ಕಿಂತ ಬೇಗ ಮುಚ್ಚಿಕೊಳ್ಳುತ್ತವೆ. ಪ್ರತಿ ಸಂದೇಶದ ಆಯಸ್ಸು ಕಡಿಮೆಯಾಗುತ್ತದೆ, ಮುಂದಕ್ಕೆ ಹೋಗುವ ಒಟ್ಟು ಚಾರ್ಜ್ ಕೂಡ. ಲೆಕ್ಕಕ್ಕೆಂದು ಅಂಕಿ ಇಟ್ಟುಕೊಳ್ಳೋಣ: ಮುಂದಿನ ನೋಡ್ ಎಬ್ಬಿಸಲು 1 ಬೇಕು. ಆರೋಗ್ಯದ ನರ 5 ಕಳಿಸುತ್ತಿತ್ತು, ಬಿಸಿಯಲ್ಲಿ 4 ಆಯಿತು, ಏನೂ ತೊಂದರೆಯಿಲ್ಲ. ಕೆಟ್ಟ ನರ 1.1 ಕಳಿಸುತ್ತಿತ್ತು, ಬಿಸಿಯಲ್ಲಿ 0.9 ಆಯಿತು, ಸಂದೇಶ ಅಲ್ಲೇ ನಿಂತಿತು. ಅಂದರೆ ಇಲ್ಲಿ ವೇಗದ ಮಾತೇ ಇಲ್ಲ, ಸಂದೇಶ ತಲುಪುತ್ತದೋ ಇಲ್ಲವೋ ಅನ್ನುವುದಷ್ಟೇ. ಅಂಚಿನಲ್ಲಿರುವ ನರಕ್ಕೆ ಅರ್ಧ ಡಿಗ್ರಿ ಸೆಲ್ಸಿಯಸ್ ಏರಿದರೂ ಸಾಕು.

ಇದು ಗಟ್ಟಿಯಾದರೆ ಫ್ಯಾಂಪ್ರಿಡಿನ್ ಮಾತ್ರೆಯನ್ನು ಬಾಯಿಪಾಠ ಮಾಡುವುದೇ ಬೇಡ. ಅದು ಸಂದೇಶವನ್ನು ಮುಗಿಸುವ ಪೊಟ್ಯಾಸಿಯಂ ಚಾನೆಲ್ ತಡೆಯುತ್ತದೆ, ಸಂದೇಶದ ಆಯಸ್ಸು ಹೆಚ್ಚುತ್ತದೆ, 0.9 ಮತ್ತೆ 1 ದಾಟುತ್ತದೆ, ಕೆಲವರ ನಡಿಗೆ ಚುರುಕಾಗುತ್ತದೆ. ನಡಿಗೆಗಾಗಿಯೇ ಅಮೆರಿಕದಲ್ಲಿ 2010ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು.

ಇದರಲ್ಲಿ ನರಕ್ಕೆ ಹೊಸ ಹಾನಿಯೇನೂ ಆಗಿಲ್ಲ. ಮೈ ತಣಿದರೆ, ಸಾಮಾನ್ಯವಾಗಿ ಒಂದು ಗಂಟೆಯೊಳಗೆ, ಕಾಲು ಮೊದಲಿನಂತಾಗುತ್ತದೆ. ಇದನ್ನು ರೋಗಿಗೆ ವ್ಯಾಯಾಮಕ್ಕೆ ಮುಂಚೆಯೇ ಹೇಳಬೇಕು. ಹೇಳದೆ ಬಿಟ್ಟರೆ ಮೊದಲ ದಿನವೇ ಹೆದರಿ ಮತ್ತೆ ಬರುವುದಿಲ್ಲ, ಆ ಹೆದರಿಕೆಯಲ್ಲಿ ಕೂತುಬಿಟ್ಟವರ ಸ್ನಾಯು ಸುಮ್ಮನೆ ಕರಗುತ್ತದೆ. ರಿಲ್ಯಾಪ್ಸ್, ಅಂದರೆ ರೋಗ ಮರುಕಳಿಸುವುದು, ಬೇರೆ: ಜ್ವರ, ಸೋಂಕು ಇಲ್ಲದೆ, ಹೊಸ ಅಥವಾ ಉಲ್ಬಣಿಸಿದ ಲಕ್ಷಣ 24 ಗಂಟೆಗಿಂತ ಹೆಚ್ಚು ಉಳಿದರೆ ಅದು. ಜ್ವರದ ಬಿಸಿಯೂ ಇದೇ ಆಟ ಆಡುತ್ತದೆ, ಆದ್ದರಿಂದ ಇದ್ದಕ್ಕಿದ್ದಂತೆ ಸೋತವರಲ್ಲಿ ಮೂತ್ರದ ಸೋಂಕು ಇದೆಯೇ ಎಂದು ಮೊದಲು ನೋಡುತ್ತಾರೆ.

ಮಾಡಿಸುವಾಗ

ಟ್ರೆಡ್‌ಮಿಲ್ ಮೇಲೆ ನಡೆಯುವವರ ಮುಖಕ್ಕಿಂತ ಪಾದ ನೋಡಿ. ಮೊದಲು ಹಿಮ್ಮಡಿ ಸರಿಯಾಗಿ ಊರುತ್ತಿರುತ್ತದೆ. ಮೈ ಬಿಸಿಯೇರುತ್ತಿದ್ದಂತೆ ಶೂ ತುದಿ ಬೆಲ್ಟಿಗೆ ಸವರುವ ಸಣ್ಣ ಸದ್ದು ಕೇಳುತ್ತದೆ, ಆಮೇಲೆ ಸೊಂಟ ಎತ್ತಿ ಕಾಲನ್ನು ಹೊರಗಿನಿಂದ ಬಳಸಿ ತರತೊಡಗುತ್ತಾರೆ. ಆ ಸದ್ದಿಗೇ ನಿಲ್ಲಿಸಿ ಕೂರಿಸಬೇಕು, ಇಲ್ಲದಿದ್ದರೆ ಬೀಳುತ್ತಾರೆ.

ಬಿಸಿ ಏರದಂತೆ ನೋಡಿಕೊಳ್ಳಲು ಫ್ಯಾನ್, ತಣ್ಣೀರು, ಮುಂಚೆಯೇ ಕೂಲಿಂಗ್ ವೆಸ್ಟ್, ಮತ್ತು ವ್ಯಾಯಾಮವನ್ನು ತುಂಡು ತುಂಡು ಮಾಡಿ ನಡುವೆ ಬಿಡುವು. ನೀರಿನ ವ್ಯಾಯಾಮವಾದರೆ 27ರಿಂದ 29 ಡಿಗ್ರಿಯ ಕೊಳ. ಸಂಧಿನೋವಿಗೆ ಬಳಸುವ ಬಿಸಿನೀರಿನ ಕೊಳ ಇವರಿಗಲ್ಲ. ತೂಕದ ವ್ಯಾಯಾಮ ಸೆಟ್‌ಗಳ ನಡುವೆ ವಿಶ್ರಾಂತಿ ಕೊಡುವುದರಿಂದ ಮೈಯನ್ನು ಅಷ್ಟು ಬಿಸಿ ಮಾಡುವುದಿಲ್ಲ, ಬಿಸಿ ತಾಳದವರಿಗೆ ಅಲ್ಲಿಂದ ಶುರುಮಾಡುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಶ್ರಮ ಅಳೆಯಲು ನಾಡಿ ಒಂದನ್ನೇ ನಂಬಬೇಡಿ. ಹೃದಯಬಡಿತದಂಥವನ್ನು ತಾನೇ ನೋಡಿಕೊಳ್ಳುವ ಸ್ವನಿಯಂತ್ರಿತ ನರಮಂಡಲಕ್ಕೂ ಪೆಟ್ಟು ಬಿದ್ದಿದ್ದರೆ ನಾಡಿ ಏರಬೇಕಾದಷ್ಟು ಏರುವುದಿಲ್ಲ. ಶ್ರಮ ಎಷ್ಟು ಅನಿಸುತ್ತಿದೆ ಎಂದು ರೋಗಿಯೇ ಅಂಕ ಹೇಳುವ 6ರಿಂದ 20ರ ಬೋರ್ಗ್ ಮಾಪಕದಲ್ಲಿ 11ರಿಂದ 13ರ ಆಸುಪಾಸು ಸಾಕು.

ಪ್ರಮಾಣ: ಸೌಮ್ಯದಿಂದ ಮಧ್ಯಮ ಮಟ್ಟದ ತೊಂದರೆ ಇರುವ ವಯಸ್ಕರಿಗೆ 2013ರ ಕೆನಡಾ ಮಾರ್ಗಸೂಚಿಯಂತೆ ವಾರಕ್ಕೆ ಎರಡು ಸಲ 30 ನಿಮಿಷ ಮಧ್ಯಮ ಏರೋಬಿಕ್, ಎರಡು ಸಲ ಬಲವರ್ಧನೆ.

ಸ್ಪಾಸ್ಟಿಸಿಟಿ (ಸ್ನಾಯು ಬಿಗಿತ): ವೇಗವಾಗಿ ಎಳೆದಷ್ಟೂ ಬಿಗಿಯುತ್ತದೆ, ನಿಧಾನವಾಗಿ ಎಳೆದು ಹಿಡಿದಿರಿ. ಪೂರ್ತಿ ಬಿಗಿತ ತೆಗೆಯಲು ಹೋಗಬೇಡಿ. ಬಲವಿಲ್ಲದ ಕಾಲನ್ನು ನಿಲ್ಲಿಸಿರುವುದು ಕೆಲವೊಮ್ಮೆ ಆ ಬಿಗಿತವೇ.

ಫುಟ್ ಡ್ರಾಪ್ (ಪಾದದ ಮುಂಭಾಗ ಎತ್ತಲಾಗದಿರುವುದು): ಎಎಫ್‌ಒ (ಪಾದ ಮತ್ತು ಹರಡನ್ನು ಹಿಡಿದಿಡುವ ಪಟ್ಟಿ) ಅಥವಾ ಎಫ್‌ಇಎಸ್ (ನರಕ್ಕೆ ವಿದ್ಯುತ್ ಪ್ರಚೋದನೆ). ಕೆಟ್ಟಿರುವುದು ಮಿದುಳು, ಬೆನ್ನುಹುರಿಯ ದಾರಿ, ಕಾಲಿನ ಪೆರೋನಿಯಲ್ ನರ ಚೆನ್ನಾಗಿಯೇ ಇರುತ್ತದೆ. ಅದಕ್ಕೇ ಅಲ್ಲಿ ಕೊಟ್ಟ ವಿದ್ಯುತ್ ಪ್ರಚೋದನೆಗೆ ಪಾದ ಮೇಲೇಳುತ್ತದೆ.

ಅಳತೆ

ಎಂಎಸ್‌ನ ಅಂಗವೈಕಲ್ಯ ಅಳೆಯುವ ಮಾಪಕ ಇಡಿಎಸ್‌ಎಸ್ 0ರಿಂದ 10, ನರತಜ್ಞ ಕರ್ಟ್ಸ್ಕೆ 1983ರಲ್ಲಿ ಕೊಟ್ಟದ್ದು. 6 ಅಂದರೆ ಒಂದು ಕೋಲಿನಂಥ ಒಂದು ಬದಿಯ ಆಸರೆಯಿಂದ ಸುಮಾರು 100 ಮೀಟರ್ ನಡಿಗೆ. 6.5 ಅಂದರೆ ಎರಡೂ ಬದಿಯ ಆಸರೆಯಿಂದ ಸುಮಾರು 20 ಮೀಟರ್. ನಮ್ಮ ಕೈಗೆ ಹೆಚ್ಚು ಒದಗುವುದು 25 ಅಡಿ ನಡಿಗೆ ಪರೀಕ್ಷೆ, ಅಂದರೆ 7.62 ಮೀಟರ್ ನಡೆಯಲು ಎಷ್ಟು ಸೆಕೆಂಡು ಬೇಕು ಅನ್ನುವುದು. ಸುಮಾರು 20% ವ್ಯತ್ಯಾಸ ಬಂದರೆ ನಿಜವಾದ ಬದಲಾವಣೆ ಎಂದು ಪರಿಗಣಿಸುತ್ತಾರೆ. ಮೇಲಿನ 1.1, 0.9 ಲೆಕ್ಕ ಇಲ್ಲಿಯೂ ಕಾಡುತ್ತದೆ: ಒಂದು ಸಲ ವ್ಯಾಯಾಮಕ್ಕೆ ಮುಂಚೆ, ಮುಂದಿನ ಸಲ ವ್ಯಾಯಾಮವಾದ ಮೇಲೆ ನಡೆಸಿ ಅಳೆದರೆ ಸಿಗುವುದು ಆ ಹೊತ್ತಿನ ಮೈಬಿಸಿಯ ಅಳತೆ. ಕೇಸ್ ಶೀಟಿನಲ್ಲಿ ಸೆಕೆಂಡುಗಳ ಪಕ್ಕ ಗಂಟೆ ಎಷ್ಟು, ಅದಕ್ಕೆ ಮುಂಚೆ ರೋಗಿ ಏನು ಮಾಡಿದ್ದರು, ಕೋಣೆ ಸೆಕೆಯಿತ್ತೇ ಎಂದೂ ಬರೆದುಕೊಳ್ಳಿ.