ಜಿನ್ನಿನ ಮಜಾ ಇರೋದು ಮೂಗಿನಾಗೆ

ದಾವಣಗೆರೆ ಕಡೆ ಬಾರ್‌ನಾಗೆ ನೋಡ್ರಿ, ಟೇಬಲ್ ಮೇಲೆಲ್ಲಾ ವಿಸ್ಕಿ, ಬ್ರಾಂಡಿ, ರಮ್ಮು, ಜಿನ್ ಕೇಳೋರು ಭಾಳ ಕಮ್ಮಿ, ಕೇಳಿದ್ರೂ ಸ್ಪ್ರೈಟ್ ಸುರ್ಕೊಂಡು ನಿಂಬೆಹಣ್ಣು ಹಿಂಡಿ ನಾಲ್ಕು ಗುಟುಕಿಗೆ ಗ್ಲಾಸ್ ಖಾಲಿ ಮಾಡ್ತಾರೆ. ಲೇಡೀಸ್ ಡ್ರಿಂಕು ಬಿಡ್ರಿ ಅನ್ನೋ ಮಾತು ಬೇರೆ. ನನಗೆ ಇದು ಬೇಜಾರಾಗುತ್ತೆ, ಯಾಕಂದ್ರೆ ವಾಸನೆ ಅನ್ನೋದು ಹೆಂಗೆ ಕೆಲಸ ಮಾಡುತ್ತೆ ಅಂತ ಜಿನ್ನು ತೋರಿಸಿಕೊಡೋ ಹಂಗೆ ಬೇರೆ ಯಾವ ಮದ್ಯನೂ ತೋರಿಸಲ್ಲ, ಅದನ್ನ ಗಟಗಟ ಕುಡಿದ್ರೆ ಸಿಗೋದು ಬರೀ ನಶೆ.

ಮೊದಲು ಅದರ ಬುಡ ನೋಡಣ. ಜಿನ್ನಿಗೆ ಬೇಕಾಗಿರೋದು ರುಚಿ ವಾಸನೆ ಎರಡೂ ಹೆಚ್ಚುಕಮ್ಮಿ ಇಲ್ಲದ ಶುದ್ಧ ಆಲ್ಕೋಹಾಲ್. ನಮ್ಮ ದೇಶದಾಗೆ ಅದನ್ನ ಸಕ್ಕರೆ ಫ್ಯಾಕ್ಟರಿ ಕಾಕಂಬಿಯಿಂದ ತೆಗೀತಾರೆ, ಇಲ್ಲಾ ಧಾನ್ಯದಿಂದ, ಧಾನ್ಯ ಅಂದ್ರೆ ಅಕ್ಕಿ ನುಚ್ಚು, ಮೆಕ್ಕೆಜೋಳ. ಜಗಳೂರಿನಿಂದ ಹಿಡಿದು ಹೊನ್ನಾಳಿ ತನಕ ನಮ್ಮ ಹೊಲ ತುಂಬಾ ಇರೋ ಅದೇ ಮೆಕ್ಕೆಜೋಳ. ಕಾಳನ್ನ ಹಿಟ್ಟು ಮಾಡಿ ನೀರಾಗೆ ಬೇಯಿಸಿ ಎನ್‌ಜೈಮ್ ಹಾಕಿದ್ರೆ ಪಿಷ್ಟ ಒಡೆದು ಸಕ್ಕರೆ ಆಗುತ್ತೆ, ಆ ಸಕ್ಕರೆನ ಯೀಸ್ಟ್ ತಿಂದು ಆಲ್ಕೋಹಾಲ್ ಮತ್ತೆ ಕಾರ್ಬನ್ ಡೈಆಕ್ಸೈಡ್ ಬಿಡುತ್ತೆ, ಒಂದು ಟನ್ ಜೋಳಕ್ಕೆ ಸುಮಾರು 380 ಲೀಟರ್ ಆಲ್ಕೋಹಾಲ್ ಬರುತ್ತೆ. ಅದನ್ನ ಎತ್ತರದ ಕಾಲಮ್ಮುಗಳಾಗೆ ಬಟ್ಟಿ ಇಳಿಸಿ ಇಳಿಸಿ 96 ಪರ್ಸೆಂಟ್‌ಗೆ ತಂದಾಗ ಅದು ಜೋಳದ್ದೋ ಅಕ್ಕಿದ್ದೋ ಅಂತ ಮೂಗಿಗೆ ಗೊತ್ತಾಗೋದು ಭಾಳ ಕಷ್ಟ. ಅಂಥ ಖಾಲಿ ಸ್ಪಿರಿಟ್ಟಿಗೆ ಬೇಕು ಬೇಕಾದ ವಾಸನೆ ತುಂಬೋದೇ ಜಿನ್ ಮಾಡೋರ ಕೆಲಸ.

ವಾಸನೆಗಳಾಗೆ ಮುಖ್ಯವಾದ್ದು ಜೂನಿಪರ್, ಅದಿಲ್ಲದೆ ಜಿನ್ ಇಲ್ಲ. ದೇವದಾರು, ಪೈನ್ ಇವುಗಳ ಕಡೆಯ ಗಿಡ ಅದು, ಹಿಮಾಲಯದಾಗೂ ಬೆಳೆಯುತ್ತೆ, ಹಪುಷಾ ಅಂತ ಆಯುರ್ವೇದದಾಗೆ ಬಳಸ್ತಾರೆ. ನೋಡೋಕೆ ಕಪ್ಪು-ನೀಲಿ ಹಣ್ಣಿನ ಹಂಗಿದ್ರೂ ಅದು ಹಣ್ಣಲ್ಲ, ಪೈನ್ ಮರದ ಕಾಯಿ ಥರದ್ದೇ ಒಂದು ಕೋನು, ಅದರ ಪೊರೆಗಳು ಮೆತ್ತಗಾಗಿ ಒಂದಕ್ಕೊಂದು ಕೂಡ್ಕೊಂಡಿರ್ತವೆ, ಮಾಗೋಕೆ ಎರಡು ಮೂರು ವರ್ಷ ಬೇಕು. ಅದನ್ನ ಹಿಚುಕಿದ್ರೆ ಬರೋ ವಾಸನೆಯಾಗೆ ದೊಡ್ಡ ಪಾಲು ಆಲ್ಫಾ ಪೈನೀನ್ ಅನ್ನೋ ಅಣುವಿನದು, ಪೇಂಟ್‌ಗೆ ಹಾಕೋ ಟರ್ಪಂಟೈನ್ ಎಣ್ಣೆಯಾಗೂ ಇರೋದು ಅದೇ. ಜೂನಿಪರ್ ಆದಮೇಲೆ ಕೊತ್ತಂಬರಿ ಬೀಜ, ಅದರ ಎಣ್ಣೆಯಾಗೆ ಅರ್ಧಕ್ಕಿಂತ ಜಾಸ್ತಿ ಲಿನಲೂಲ್, ಹೂವಿನ ಥರ ಸಿಹಿಯಾಗಿ ಬರೋದು ಅದು. ಕಿತ್ತಳೆ, ನಿಂಬೆ ಸಿಪ್ಪೆಯಾಗೆ ಲಿಮೊನೀನ್, ಏಲಕ್ಕಿಯಾಗೆ ನೀಲಗಿರಿ ಎಣ್ಣೆಯಾಗಿರೋ ಸಿನಿಯೋಲ್, ಚಕ್ಕೆಯಾಗೆ ಸಿನ್ನಮಾಲ್ಡಿಹೈಡ್. ಅತಿಮಧುರ, ಬಾಲಮೆಣಸು ಇವನ್ನೂ ಹಾಕೋರಿದಾರೆ. ಏಂಜೆಲಿಕಾ ಬೇರು, ಐರಿಸ್ ಬೇರು ಇಂಥ ಒಂದೆರಡು ಬಿಟ್ರೆ ಉಳಿದಿದ್ದೆಲ್ಲಾ ಮಂಡಿಪೇಟೆ ಕಡೆ ಒಂದು ರೌಂಡ್ ಹೋಗಿ ಬಂದ್ರೆ ಸಿಗೋ ಸಾಮಾನೇ.

ಇವನ್ನ ನೀರು ಬೆರೆಸಿದ ಸ್ಪಿರಿಟ್ಟಿನಾಗೆ ನೆನೆಹಾಕಿ ತಾಮ್ರದ ಹಂಡೆಯಾಗೆ ಮತ್ತೆ ಬಟ್ಟಿ ಇಳಿಸ್ತಾರೆ, ಕೆಲವರು ನೆನೆಸದೆ ಬುಟ್ಟಿಯಾಗೆ ಇಟ್ಟು ಅದರ ಮೂಲಕ ಬರೀ ಆವಿ ಹಾಯಿಸ್ತಾರೆ. ಪೈನೀನ್ ಕುದಿಯೋದು 156 ಡಿಗ್ರಿಗೆ, ಲಿಮೊನೀನ್ 176ಕ್ಕೆ, ಲಿನಲೂಲ್ 198ಕ್ಕೆ, ಆದ್ರೆ ಹಂಡೆ 100 ಡಿಗ್ರಿನೂ ದಾಟಿರಲ್ಲ, ಹಂಗಿದ್ರೂ ಇವೆಲ್ಲಾ ಎದ್ದು ಬರ್ತವೆ, ಯಾಕಂದ್ರೆ ಒಂದು ವಸ್ತು ಆವಿಯಾಗೋಕೆ ಅದು ಕುದೀಲೇಬೇಕು ಅಂತಿಲ್ಲ, ಆಲ್ಕೋಹಾಲ್ ಮತ್ತೆ ನೀರಿನ ಆವಿ ಜೊತೆಗೇ ಅದರದೂ ಸ್ವಲ್ಪ ಸ್ವಲ್ಪ ಮೇಲೆ ಹೋಗ್ತಾ ಇರುತ್ತೆ. ಮೊದಲಿಗೆ ಬರೋದು ಹಗುರಾದ ಸಿಪ್ಪೆ ವಾಸನೆ, ಪೈನ್ ವಾಸನೆ, ಆಮೇಲೆ ಕೊತ್ತಂಬರಿ ಮಸಾಲೆ, ಕೊನೆಗೆ ಬೇರಿನ ಮಣ್ಣು ವಾಸನೆ. ಬಟ್ಟಿ ಇಳಿಸೋರು ಪಕ್ಕದಾಗೇ ನಿಂತು ಮೂಸ್ತಾ ಮೂಸ್ತಾ ಎಲ್ಲಿಂದ ಹಿಡೀಬೇಕು ಎಲ್ಲಿಗೆ ನಿಲ್ಲಿಸಬೇಕು ಅಂತ ತೀರ್ಮಾನ ಮಾಡ್ತಾರೆ. ಮಶೀನು ಎಷ್ಟೇ ಬಂದ್ರೂ ಈ ಕೆಲಸಕ್ಕೆ ಮನುಷ್ಯನ ಮೂಗೇ ಬೇಕು ಅನ್ನೋದು ನನಗೆ ಭಾಳ ಇಷ್ಟ.

ಇನ್ನು ಹಿಸ್ಟರಿ. ಡಚ್ಚರ ಜೆನೆವರ್ ಅನ್ನೋ ಮದ್ಯ ಇಂಗ್ಲೆಂಡಿಗೆ ಹೋಗಿ ಜಿನ್ ಆಯ್ತು. 1689ರಾಗೆ ಡಚ್ ಮೂಲದ ಮೂರನೇ ವಿಲಿಯಂ ಅಲ್ಲಿ ರಾಜ ಆದ, ಫ್ರೆಂಚ್ ಬ್ರಾಂಡಿಗೆ ತಡೆ ಬಿತ್ತು, 1690ರ ಕಾನೂನಿಂದ ದೇಶದ ಧಾನ್ಯದಿಂದ ಬಟ್ಟಿ ಇಳಿಸೋದು ಸಲೀಸಾಯ್ತು, ಜಮೀನುದಾರರಿಗೆ ಉಳಿದ ಧಾನ್ಯಕ್ಕೆ ಗಿರಾಕಿ ಸಿಕ್ತು. ಧಾನ್ಯ ಜಾಸ್ತಿ ಬಂದಾಗ ರೇಟ್ ಬೀಳೋ ಸಂಕಟ ನಮ್ಮ ಎಪಿಎಂಸಿ ನೋಡಿದೋರಿಗೆ ಹೇಳ್ಬೇಕಾಗಿಲ್ಲ. ಆದ್ರೆ ಅದಕ್ಕೆ ಲಂಡನ್ನಿನ ಬಡವರು ಕೊಟ್ಟ ಬೆಲೆ ಭಯಂಕರ. ಬಿಯರ್‌ಗಿಂತ ಸುಲಭವಾಗಿ ಸಿಗೋ ಅಗ್ಗದ ಜಿನ್ನು ಓಣಿ ಓಣಿಯಾಗೆ, ಜೂನಿಪರ್ ದುಬಾರಿ ಅಂತ ಎಷ್ಟೋ ಜನ ಟರ್ಪಂಟೈನ್ ಎಣ್ಣೇನೇ ಬೆರೆಸ್ತಿದ್ರು, ಎರಡರ ವಾಸನೆಗೂ ಅಣು ಅದೇ ಆಗಿದ್ರಿಂದ ಮೋಸ ನಡೀತು. 1736ರ ಕಾನೂನು ಚಿಲ್ಲರೆ ಮಾರೋಕೆ 50 ಪೌಂಡ್ ಲೈಸೆನ್ಸ್ ಅಂದಿತು, ಅಷ್ಟು ದುಡ್ಡು ಯಾರು ಕೊಡ್ತಾರೆ, ಎಲ್ಲಾ ಕಳ್ಳದಾರಿ ಹಿಡಿದ್ರು. 1751ರಾಗೆ ವಿಲಿಯಂ ಹೋಗಾರ್ತ್ ಜಿನ್ ಲೇನ್ ಅಂತ ಚಿತ್ರ ಬರೆದ, ಕುಡಿದ ತಾಯಿಯ ಕೈಯಿಂದ ಕೂಸು ಜಾರಿ ಬೀಳ್ತಾ ಇರುತ್ತೆ ಅದರಾಗೆ. ಅದೇ ವರ್ಷ ಇನ್ನೊಂದು ಕಾನೂನು ಬಂತು, 1757ರಾಗೆ ಬೆಳೆ ಕೈಕೊಟ್ಟಾಗ ಧಾನ್ಯದಿಂದ ಬಟ್ಟಿ ಇಳಿಸೋದನ್ನೇ ನಿಲ್ಲಿಸಿದ್ರು, ಹಂಗೆ ಹಾವಳಿ ಇಳೀತು. ಧಾನ್ಯದಿಂದ ಶುರುವಾಗಿದ್ದನ್ನ ಧಾನ್ಯದ ಬರವೇ ಅರ್ಧ ನಿಲ್ಲಿಸ್ತು ಅಂತ ನನ್ನ ಲೆಕ್ಕ. ಆಮೇಲೆ 1830ರಾಗೆ ಈನಿಯಸ್ ಕಾಫಿ ಅನ್ನೋರು ಕಾಲಮ್ ಸ್ಟಿಲ್‌ಗೆ, ಅಂದ್ರೆ ಮೇಲೆ ಹೇಳಿದ ಎತ್ತರದ ಕಾಲಮ್ಮಿನ ಬಟ್ಟಿ ಯಂತ್ರಕ್ಕೆ, ಪೇಟೆಂಟ್ ತಗೊಂಡ್ರು, ಶುದ್ಧ ಸ್ಪಿರಿಟ್ ಸಿಗೋಕೆ ಶುರುವಾಯ್ತು, ಕೆಟ್ಟ ವಾಸನೆ ಮುಚ್ಚೋಕೆ ಸಕ್ಕರೆ ಸುರಿಯೋದು ಬೇಕಾಗ್ಲಿಲ್ಲ, ಸಿಹಿ ಇಲ್ಲದ ಲಂಡನ್ ಡ್ರೈ ಜಿನ್ ಹುಟ್ಟಿದ್ದು ಹಂಗೆ.

ಜಿನ್ ಜೊತೆ ಟಾನಿಕ್ ಸೇರಿದ್ದು ನಮ್ಮ ದೇಶದ ಕಥೆ. 1820ರಾಗೆ ಪೆಲ್ಟಿಯೇ ಮತ್ತೆ ಕಾವೆಂಟು ಅನ್ನೋ ಫ್ರೆಂಚರು ಸಿಂಕೋನಾ ಮರದ ತೊಗಟೆಯಿಂದ ಮಲೇರಿಯಾ ಔಷಧ ಕ್ವಿನೈನ್ ಬೇರ್ಪಡಿಸಿದ್ರು, 1860ರ ದಶಕದಾಗೆ ನೀಲಗಿರಿಯಾಗೆ ಬ್ರಿಟಿಷರು ಸಿಂಕೋನಾ ತೋಟ ಹಾಕಿದ್ರು, ಗೂಡಲೂರು ಕಡೆಯಿಂದ ಊಟಿಗೆ ಹತ್ತುವಾಗ ಸಿಗೋ ನಡುವಟ್ಟಂ ಅದರದ್ದೇ ಊರು. ಕ್ವಿನೈನಿನ ಕಹಿ ತಡೀಲಾರದೆ ಸಕ್ಕರೆ, ಸೋಡಾ ಸೇರಿಸಿದ್ರು, ಅದೇ ಟಾನಿಕ್, ಆಮೇಲೆ ಅದಕ್ಕೆ ಜಿನ್ ಸೇರಿಸ್ಕೊಂಡ್ರು. ಆದ್ರೆ ಈಗಿನ ಟಾನಿಕ್ ಕುಡಿದ್ರೆ ಮಲೇರಿಯಾ ಬರಲ್ಲ ಅನ್ನೋದು ನಂಬೋ ಮಾತಲ್ಲ. ಅಮೆರಿಕದಾಗೆ ಟಾನಿಕ್‌ಗೆ ಲೀಟರಿಗೆ 83 ಮಿಲಿಗ್ರಾಂ ಕ್ವಿನೈನ್ ಮಿತಿ ಐತೆ. ಮಲೇರಿಯಾಗೆ 60 ಕೆಜಿ ತೂಕದೋರಿಗೆ ದಿನಕ್ಕೆ ಸುಮಾರು 1800 ಮಿಲಿಗ್ರಾಂ ಬೇಕು, ಅಂದ್ರೆ ದಿನಾ 20 ಲೀಟರಿನ ಮೇಲೆ ಟಾನಿಕ್! ಚಳಿಜ್ವರ ಬಂದ್ರೆ ಆಸ್ಪತ್ರೆಗೆ ಹೋಗ್ರಿ, ರಕ್ತ ಚೆಕ್ ಮಾಡಿಸ್ರಿ.

ಕ್ವಿನೈನಿನ ಇನ್ನೊಂದು ಗುಣ ಮಕ್ಕಳಿಗೂ ತೋರಿಸಬಹುದು. ಅಂಗಡಿಯಾಗೆ ನೋಟು ಚೆಕ್ ಮಾಡೋ ನೇರಳೆ ದೀಪ ಇರುತ್ತಲ್ಲ, ಅದನ್ನ ಕತ್ತಲಾಗೆ ಬರೀ ಟಾನಿಕ್ ಬಾಟಲಿಗೆ ಹಿಡೀರಿ, ನೀಲಿಯಾಗಿ ಹೊಳೆಯುತ್ತೆ. ಕಣ್ಣಿಗೆ ಕಾಣದ ಅಲ್ಟ್ರಾವಯಲೆಟ್ ಬೆಳಕನ್ನ ಅಣು ನುಂಗಿ, ಸ್ವಲ್ಪ ಶಕ್ತಿ ಕಳ್ಕೊಂಡು, ಕಾಣೋ ನೀಲಿ ಬೆಳಕಾಗಿ ಬಿಡುತ್ತೆ. 1845ರಾಗೆ ಜಾನ್ ಹರ್ಷೆಲ್ ಕ್ವಿನೈನ್ ದ್ರಾವಣದಾಗೆ ಈ ನೀಲಿ ನೋಡಿ ಬರೆದಿದ್ರು, 1852ರಾಗೆ ಜಾರ್ಜ್ ಸ್ಟೋಕ್ಸ್ ಇದರ ಕಾರಣ ಹಿಡಿದ್ರು, ಅದೇ ಫ್ಲೋರೆಸೆನ್ಸ್.

ಈಗ ಕುಡಿಯೋದು. ಮೂಗು ಮುಚ್ಕೊಂಡು ಒಂದು ಏಲಕ್ಕಿ ಅಗೀರಿ, ಬರೀ ಖಾರ-ಕಹಿ, ಮೂಗು ಬಿಟ್ಟ ಕೂಡ್ಲೇ ಏಲಕ್ಕಿ ಬರುತ್ತೆ, ಬಾಯಿಂದ ಗಂಟಲ ಹಿಂದಿನ ದಾರಿಯಾಗೆ ವಾಸನೆ ಮೂಗಿಗೆ ಹೋಗೋದೇ ರುಚಿಯ ದೊಡ್ಡ ಭಾಗ. ಹಂಗಾಗಿ ಜಿನ್ನಿಗೆ ಮೊದಲು ಚೂರು ನೀರು ಹಾಕಿ ಮೂಸಿ ನೋಡ್ರಿ. ಪೈನೀನ್, ಲಿಮೊನೀನ್ ಇವು ಆಲ್ಕೋಹಾಲ್‌ನಾಗೆ ಕರಗ್ತವೆ, ನೀರಾಗೆ ಕರಗಲ್ಲ, ನೀರು ಜಾಸ್ತಿ ಆದಂಗೆ ಗ್ಲಾಸಿನ ಮೇಲಕ್ಕೆ ಎದ್ದು ಬರ್ತವೆ, ಎಣ್ಣೆ ಅಂಶ ಜಾಸ್ತಿ ಇರೋ ಜಿನ್ ಒಂದೊಂದ್ಸಲ ಮಸುಕು ಬಿಳಿ ಆಗುತ್ತೆ, ಡೆಟಾಲ್ ನೀರಿಗೆ ಬಿದ್ರೆ ಹಾಲಿನಂಗೆ ಆಗುತ್ತಲ್ಲ, ಅಲ್ಲೂ ಪೈನ್ ಎಣ್ಣೇನೇ ನೀರಾಗೆ ಕರಗದೆ ಸಣ್ಣ ಹನಿ ಹನಿ ಆಗೋದು. ಐಸ್ ಜಾಸ್ತಿ ಹಾಕಿದ್ರೆ ವಾಸನೆ ಏಳೋದು ಕಮ್ಮಿ ಆಗುತ್ತೆ, ಆದ್ರೆ ಸೋಡಾದ ಗುಳ್ಳೆ ತಣ್ಣಗಿದ್ರೇ ಉಳಿಯೋದು, ಆ ಗುಳ್ಳೆಗಳೇ ವಾಸನೇನ ಮೇಲಕ್ಕೆ ಒಯ್ಯೋದು, ಎರಡನ್ನೂ ತೂಗಬೇಕು. ನಿಂಬೆ ರಸ ಹಿಂಡೋ ಬದಲು ಸಿಪ್ಪೆ ಗ್ಲಾಸಿನ ಮೇಲೆ ಹಿಡಿದು ತಿರುಚಿ, ಎಣ್ಣೆ ಚಿಮ್ಮುತ್ತೆ, ಹುಳಿ ಬೀಳಲ್ಲ. ಒಂದೇ ಪೆಗ್ಗು ಸಾಕು. ಮದ್ಯ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1988ರಾಗೇ ಹೇಳೈತೆ, ಮೂಗಿಗೆ ಬೇಕಾದ್ದು ಮೊದಲ ಪೆಗ್ಗಿನಾಗೇ ಸಿಕ್ಕಿರುತ್ತೆ, ಆಮೇಲೆ ಮೂಗೂ ಮಂಕಾಗುತ್ತೆ.

ಗೋವಾದಾಗೆ 2017ರಿಂದೀಚೆಗೆ ಒಳ್ಳೊಳ್ಳೆ ಜಿನ್ ಬರ್ತಾ ಐತೆ, ಹಿಮಾಲಯದ ಜೂನಿಪರ್ ಹಾಕಿದ್ದೂ ಐತೆ. ನನ್ನ ಆಸೆ ಬೇರೆ, ನಮ್ಮ ಜೋಳದ ಸ್ಪಿರಿಟ್ಟಿಗೆ ದವನ ಹಾಕಿ ಯಾರಾದ್ರೂ ಇಳಿಸಬೇಕು. ದೇವರಿಗೆ ಏರಿಸೋ ಅದೇ ದವನ, ಅದರ ಎಣ್ಣೆ ಜಗತ್ತಿನ ಸೆಂಟ್ ಕಂಪನಿಗಳಿಗೆ ಹೋಗೋದು ಬಹುತೇಕ ನಮ್ಮ ದಕ್ಷಿಣ ಭಾರತದಿಂದ. ಆರ್ಟಿಮೀಸಿಯಾ ಕುಲದ ಗಿಡ ಅದು, ಕ್ವಿನೈನ್ ಜಾಗಕ್ಕೆ ಬಂದ ಆರ್ಟಿಮಿಸಿನಿನ್ ಔಷಧ ಕೊಟ್ಟ, 2015ರಾಗೆ ಟು ಯೂಯೂ ಅವರಿಗೆ ನೊಬೆಲ್ ತಂದ ಗಿಡದ ಹತ್ತಿರದ ಸಂಬಂಧಿ. ದವನದಾಗೆ ಆ ಔಷಧ ಐತೆ ಅಂತಲ್ಲ, ಅದರ ವಾಸನೆ ದವನೋನ್ ಅನ್ನೋ ಅಣುವಿನದು. ಅದು ಭಾರವಾದ ಅಣು, ಹಂಡೆಯಿಂದ ತಡವಾಗಿ ಏಳುತ್ತೆ, ಬೇರಿನ ಮಣ್ಣು ವಾಸನೆ ಬರೋ ಹೊತ್ತಿಗೇ ಅದೂ ಬರುತ್ತೆ, ಹಂಗಾಗಿ ಮೊದಲ ಸಲ ಮಾಡೋರು ಬೇರು ಕಮ್ಮಿ ಹಾಕಿ, ದವನಾನ ಜೂನಿಪರ್ ಜೊತೆ ನೆನೆಸದೆ ಬೇರೆಯಾಗೇ ಇಳಿಸಿ ಕೊನೆಗೆ ಬೆರೆಸೋದು ಒಳ್ಳೇದು ಅನ್ಸುತ್ತೆ ನನಗೆ.